ಬೇರೆ ಬಾಣಲೆ

"ಹಿಂದೆ ಸರಿ, ಹಿಂದೆ ಸರಿ. ಗಾಜಿಗೆ ಅಂಟ್ಕೊಂಡು ನಿಲ್ಬೇಡ. ನಿನ್ನ ಮೀನಿನ ನಾತ ಈ ತೂತಲ್ಲಿ ಒಳಗೆ ಬರ್ತಿದೆ," ಎಂದಳು ಊಟದ ಕಾರ್ಡಿನ ಸರ್ಕಾರಿ ಕಚೇರಿಯ ಕಿಟಕಿಯಾಚೆಯ ಪ್ಯೂ ಮೇಡಂ. ಅಷ್ಟಕ್ಕೇ ಬಿಡಲಿಲ್ಲ. ಸಾಲಿನಲ್ಲಿದ್ದ ಕೊನೆಯವನಿಗೂ ಕೇಳುವ ಹಾಗೆ, "ಇಪ್ಪತ್ಮೂರು ವರ್ಷದ ಗಂಡಸು, ಎತ್ತಿನಂಗಿದಾನೆ. ಅಜ್ಜಿ ಹೆಸರು ಹೇಳ್ಕೊಂಡು ಊಟ ಕೇಳೋಕೆ ಬಂದಿದಾನೆ ನೋಡ್ರಪ್ಪ," ಎಂದಳು.

ಯಾರೋ ಕಿಸಕ್ಕೆಂದರು. ನಕ್ಕವರೂ ಊಟ ಕೇಳಲು ಬಂದವರೇ.

ಲಮಾರ್ ಒಂದು ಹೆಜ್ಜೆ ಹಿಂದೆ ಸರಿದ. ನಾತ ಬರುತ್ತಿದ್ದುದು ನಿಜ. ಬೆಳಗಿನ ಐದು ಗಂಟೆಯಿಂದ ಮೀನಿನ ಕಾರ್ಖಾನೆಯಲ್ಲಿ ಚರ್ಮ ಸುಲಿಯುವ ಯಂತ್ರದ ಮುಂದೆ ನಿಂತಿದ್ದವನು, ಹತ್ತಕ್ಕೆ ಹೊಟ್ಟೆನೋವೆಂದು ಸುಳ್ಳು ಹೇಳಿ ಬೂಟನ್ನೂ ಬಿಚ್ಚದೆ ಬಂದಿದ್ದ. ಹಾಗೆ ಮಧ್ಯದಲ್ಲಿ ಎದ್ದು ಹೋದರೆ ಹೆಸರಿನ ಮುಂದೆ ಒಂದು ಕರಿಚುಕ್ಕೆ ಬೀಳುತ್ತದೆ. ಎಂಟು ಚುಕ್ಕೆಯಾದರೆ ಮನೆಗೆ. ಇವನಿಗೆ ಇದು ಆರನೆಯದು.

"ಮೇಡಂ, ನಮ್ಮಜ್ಜಿಗೆ ಫೋನಲ್ಲಿ ಸಂದರ್ಶನ ಇತ್ತು. ತಪ್ಪೋಯ್ತು. ಇನ್ನೊಂದು ದಿನ ಕೊಡಿ," ಎಂದು ಕಾಗದವನ್ನು ತೂತಿನಲ್ಲಿ ತೂರಿಸಿದ.

"ಫೋನ್ ಮಾಡಿ ಕೇಳಿ ಅಂತ ಇದರಲ್ಲೇ ಬರ್ದಿದೆಯಲ್ಲ. ಓದೋಕೆ ಬರಲ್ವಾ?"

ಓದಲು ಬರುತ್ತಿತ್ತು. ಒಂಬತ್ತನೆಯ ತರಗತಿಯವರೆಗೂ ಓದಿದ್ದ. ಫೋನನ್ನೂ ಮಾಡಿದ್ದರು, ಹನ್ನೊಂದು ದಿನ. ಪ್ರತಿ ಸಲವೂ ಕಾಯಿಸುವಾಗ ಹಾಕುವ ಅದೇ ಪಿಟೀಲು, ಮುಕ್ಕಾಲು ಗಂಟೆ. ಆಮೇಲೆ ಕಟ್ಟಾಗುತ್ತಿತ್ತು. ಅಜ್ಜಿ ಅರ್ನೆಸ್ಟೀನಳಿಗೆ ಆ ರಾಗ ಬಾಯಿಪಾಠವಾಗಿ, ಪಾತ್ರೆ ತೊಳೆಯುವಾಗಲೂ ಅದನ್ನೇ ಗುನುಗುತ್ತಿದ್ದಳು.

"ಮಾಡಿದ್ವಿ ಮೇಡಂ. ಯಾರೂ ಎತ್ತಲಿಲ್ಲ."

"ನಾವು ಮಾಡಿದಾಗ ನೀವು ಎತ್ತಿದ್ರೆ ಈ ರಗಳೆ ಇರ್ತಿತ್ತಾ? ಎಲ್ಲಿಗೆ ಹೋಗಿದ್ಲು ನಿಮ್ಮಜ್ಜಿ?"

"ನಮ್ಮ ಚರ್ಚಿನ ಹಿರಿಯಮ್ಮ ತೀರ್ಕೊಂಡಿದ್ರಲ್ಲ. ಅಲ್ಲಿ ಅಡುಗೆ."

ಆ ಚರ್ಚಿನಲ್ಲಿ ಸಾವಾದರೆ ಮಣ್ಣು ಮುಗಿಸಿ ಬಂದವರಿಗೆ ಊಟ ಹಾಕುವುದು ಅಡುಗೆಮನೆಯ ಹೆಂಗಸರ ಪಾಲು. ಶವ ಒಳಗಿರುವಷ್ಟು ಹೊತ್ತು ಫೋನು ಗುಂಯ್ ಎನ್ನಬಾರದು. ಎಲ್ಲರ ಚೀಲಗಳೂ ಪಾದ್ರಿಯ ಕೋಣೆಯ ಬೆಂಚಿನ ಮೇಲೆ. ಸರ್ಕಾರ ಕರೆಯುತ್ತದೆಂದು ಅರ್ನೆಸ್ಟೀನಳಿಗೆ ಗೊತ್ತಿತ್ತು. ಆದರೆ ಅರವತ್ತು ಜನರ ಕೋಳಿ ಕರಿಯುವವರು ಯಾರು? ಅವಳು ಹಿಟ್ಟಿನ ಕೈಯಲ್ಲಿ ನಿಂತಿದ್ದಾಗ, ಬೆಂಚಿನ ಮೇಲಿನ ಚೀಲದಲ್ಲಿ ಫೋನು ಮೂರು ಸಲ ಮಿನುಗಿ ಆರಿತ್ತು.

"ಸತ್ತೋರ ಅಡುಗೆಗೆ ಪುರುಸೊತ್ತಿದೆ, ಸರ್ಕಾರಕ್ಕಿಲ್ಲ," ಎಂದಳು ಪ್ಯೂ ಮೇಡಂ.

ಅವತ್ತು ಇದೇ ಪ್ಯೂ ಮೇಡಂ ಚರ್ಚಿನ ಹಿಂಬಾಗಿಲಿಗೆ ಬಂದು ಬೆಳ್ಳಿ ಕಾಗದ ಮುಚ್ಚಿದ ಎರಡು ತಟ್ಟೆ ಮನೆಗೆ ಕಟ್ಟಿಸಿಕೊಂಡು ಹೋಗಿದ್ದಳು. ಒಂದರಲ್ಲಿ ತೊಡೆ ಬೇಡ, ಎದೆಭಾಗವೇ ಹಾಕಿ ಅಂದಿದ್ದಳಂತೆ. ಆ ಮಾತು ಲಮಾರ್‌ನ ನಾಲಿಗೆಯ ತುದಿಗೆ ಬಂತು. ನುಂಗಿದ. ಮನೆಯಲ್ಲಿ ಎರಡು ಮಕ್ಕಳಿದ್ದವು, ಝಾಯಾ ಮತ್ತು ಮೈಕಾ, ಮೆಂಫಿಸ್‌ಗೆಂದು ಹೋಗಿ ಫೋನ್ ನಂಬರು ಬದಲಾಯಿಸಿದ ಅಕ್ಕನವು. ಜೂನ್ ತಿಂಗಳು, ಬೇಸಿಗೆ ರಜೆ, ಶಾಲೆಯಿಲ್ಲ. ಶಾಲೆಯಿಲ್ಲ ಎಂದರೆ ಶಾಲೆಯ ಊಟವೂ ಇಲ್ಲ. ಅವನ ಸಂಬಳ ಬಾಡಿಗೆಗೂ ಕರೆಂಟಿಗೂ ಸರಿಹೋಗುತ್ತಿತ್ತು. ಊಟದ ಕಾರ್ಡಿಗೆ ಸರ್ಕಾರದ ಹಣ ಬೀಳುವುದು ನಿಂತ ಮೇಲೆ ಅರ್ನೆಸ್ಟೀನ್ ಹಾಲಿಗೆ ನೀರು ಬೆರೆಸಲು ಶುರುಮಾಡಿದ್ದಳು. ಈಚೆಗೆ ನೀರಿಗೆ ಹಾಲು ಬೆರೆಸುತ್ತಿದ್ದಳು.

ಪ್ಯೂ ಮೇಡಂ ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, ಚೀಟಿಯೊಂದನ್ನು ಈಚೆಗೆ ನೂಕಿದಳು. "ನಾಳೆ ಒಂಬತ್ತರಿಂದ ಹನ್ನೆರಡರ ಒಳಗೆ ಮಾಡ್ತಾರೆ. ನಂಬರ್ ಕಾಣ್ಸಲ್ಲ. ಅರ್ಜಿ ಹಾಕಿ ನಾಳೆಗೆ ಮೂವತ್ತು ದಿನ ಆಗತ್ತೆ. ತಪ್ಪಿದ್ರೆ ಅರ್ಜಿ ಬುಟ್ಟಿಗೆ, ಮತ್ತೆ ಮೊದಲಿಂದ. ಮುಂದಿನೋರು ಬನ್ನಿ. ಸ್ವಲ್ಪ ಗಾಳಿಯಾಡ್ಲಿ."

ಹೊರಗೆ ಪೆಕಾನ್ ಮರದ ಕೆಳಗೆ ಊರುಗೋಲು ಹಿಡಿದ ಮುದುಕ ಲೂಶಸ್ ಕೂತಿದ್ದ. ಹತ್ತಿ ಜಿನ್ನಿನಲ್ಲಿ ಬೆರಳು ಕಳೆದುಕೊಂಡವನು. ಈ ಕಚೇರಿಯ ಒಳಹೊರಗೆಲ್ಲ ಅವನಿಗೆ ಗೊತ್ತು.

"ಸಿಕ್ತಾ ದಿನ?"

"ಸಿಕ್ತು ತಾತ."

"ನೀನೂ ಆ ಮನೇಲೇ ಇದೀಯಾ?"

"ಇನ್ನೆಲ್ಲಿ?"

"ಹಂಗಾದ್ರೆ ಮುಗೀತು ಬಿಡು. ಅವರು ಏನೇನೋ ಕೇಳ್ತಾರೆ ಮಗಾ, ಆದ್ರೆ ಕೇಳೋದು ಒಂದೇ. ಊಟ ಒಟ್ಟಿಗಾ, ಬೇರೆನಾ? ನನ್ನ ತಂಗಿ ಹೆಮ್ಮೆಯಿಂದ ಅಂದ್ಲು, ನಾವೆಲ್ಲಾ ಒಂದೇ ಪಾತ್ರೇಲಿ ಉಣ್ತೀವಿ ಅಂತ. ಅಳಿಯನ ಸಂಬಳಾನೂ ಸೇರಿಸಿ, ನಿಮ್ಮದು ಜಾಸ್ತಿಯಾಯ್ತು ಹೋಗಿ ಅಂದ್ರು." ಮುದುಕ ಉಗುಳಿದ. "ಒಂದೋ ಬೇರೆ ಒಲೆ, ಇಲ್ಲಾ ಬೇರೆ ಮನೆ. ನಿಮ್ಮಜ್ಜಿಗೆ ಹೇಳ್ಕೊಡು. ಅವಳು ಹೇಳ್ಬೇಕಲ್ಲ!"

ಲಮಾರ್ ಅಗ್ಗದ ಅಂಗಡಿಗೆ ಹೋಗಿ ಸಣ್ಣ ಬಾಣಲೆ, ಆರು ಮೊಟ್ಟೆ, ನೀಲಿ ಅಂಟುಪಟ್ಟಿ ತಂದ. ಫ್ರಿಜ್ಜಿನ ಕೆಳಗಿನ ಹಲಗೆಗೆ ಪಟ್ಟಿ ಅಂಟಿಸಿ ತನ್ನ ಹೆಸರು ಬರೆದ. ಅರ್ನೆಸ್ಟೀನ್ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

"ಏನೋ ಇದು? ಹಾಸ್ಟೆಲ್ಲಾ?"

"ಅಜ್ಜಿ, ನಾಳೆ ಕೇಳಿದ್ರೆ, ಅವನು ಬೇರೆ ತರ್ತಾನೆ, ಬೇರೆ ಮಾಡ್ಕೋತಾನೆ ಅನ್ನು. ಸುಳ್ಳಲ್ಲ. ಇವತ್ತಿಂದ ನಾನು ಬೇರೇನೇ."

ಅವಳು ಮೊದಲು ನಕ್ಕಳು. ಆಮೇಲೆ ನಗಲಿಲ್ಲ.

ಸಂಜೆ ಅವನು ತನ್ನ ಬಾಣಲೆಯಲ್ಲಿ ಎರಡು ಮೊಟ್ಟೆ ಒಡೆದು, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ತಿಂದ. ಮೈಕಾ ಜಾಲರಿ ಬಾಗಿಲಿಗೆ ಮೂಗು ಒತ್ತಿ, "ಮಾಮ ಏನು ತಪ್ಪು ಮಾಡಿದಾನೆ ಮುತ್ತಜ್ಜಿ?" ಎಂದು ಕೇಳಿದ. ಅರ್ನೆಸ್ಟೀನ್ ಬಂದು ಬಾಣಲೆಗೆ ಇಣುಕಿದಳು.

"ಉಪ್ಪೇ ಹಾಕಿಲ್ಲ."

"ಇರ್ಲಿ."

"ಒಂದು ಹೊತ್ತು ಹೊರಗೆ ಕೂತು ತಿಂದ್ರೆ ಬೇರೆ ಆಗೋಗ್ತೀಯೇನೋ? ಒಳಗೆ ನಿನ್ನ ತಟ್ಟೆ ಹಾಕಿದೀನಿ."

"ನಂದು ಆಯ್ತು ಅಜ್ಜಿ."

ಆ ತಟ್ಟೆ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಅರ್ನೆಸ್ಟೀನ್ ಅದನ್ನು ಮಕ್ಕಳಿಗೂ ಹಾಕಲಿಲ್ಲ, ತಾನೂ ಮುಟ್ಟಲಿಲ್ಲ.

ಮರುದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಏಳನೆಯ ಚುಕ್ಕೆ. ಅರ್ನೆಸ್ಟೀನ್ ಚರ್ಚಿನ ಬಿಳಿ ಅಂಗಿ ತೊಟ್ಟು, ಫೋನನ್ನು ಮುಂದಿಟ್ಟುಕೊಂಡು ಮೇಜಿಗೆ ಕೂತಳು. ಒಲೆಯ ಮೇಲೆ ಅಲಸಂದೆ ಕಾಳು ಬೇಯುತ್ತಿತ್ತು. ಮನೆಯಲ್ಲಿ ಉಳಿದಿದ್ದ ಕಡೆಯ ಚೀಲ. ಒಂಬತ್ತಾಯಿತು. ಹತ್ತಾಯಿತು. ಕಕ್ಕಸಿಗೆ ಹೋಗುವಾಗಲೂ ಫೋನನ್ನು ಲಮಾರ್‌ನ ಅಂಗೈಯಲ್ಲಿಟ್ಟು, "ಬಿಡಬೇಡ" ಎಂದು ಹೋದಳು. ಹನ್ನೊಂದಾಯಿತು. ಹನ್ನೆರಡಕ್ಕೆ ಏಳು ನಿಮಿಷವಿದ್ದಾಗ ಫೋನು ಬಡಿದುಕೊಂಡಿತು.

ಲಮಾರ್ ಸ್ಪೀಕರ್ ಒತ್ತಿದ. ಆಚೆ ಒಬ್ಬಳು ಹುಡುಗಿ. ದಣಿದ ದನಿ, ಆದರೆ ಒರಟಲ್ಲ. ಹೆಸರು, ಹುಟ್ಟಿದ ದಿನ, ಬಾಡಿಗೆ, ಮಕ್ಕಳು. ಅರ್ನೆಸ್ಟೀನ್ ಎಲ್ಲಕ್ಕೂ ಸಾಕ್ಷಿ ಹೇಳುವವಳಂತೆ ನೆಟ್ಟಗೆ ಕೂತು ಉತ್ತರಿಸಿದಳು.

"ಮನೇಲಿ ಬೇರೆ ಯಾರಿದಾರೆ ಅಮ್ಮಾ?"

"ನನ್ನ ಮೊಮ್ಮಗ. ಲಮಾರ್. ಮೀನಿನ ಕಾರ್ಖಾನೇಲಿ ಕೆಲಸ."

"ಅವರು ಊಟದ ಸಾಮಾನು ಬೇರೆ ತಂದು ಬೇರೆ ಮಾಡ್ಕೋತಾರಾ, ಇಲ್ಲಾ ನಿಮ್ಮ ಜೊತೆನಾ?"

ಲಮಾರ್ ಬಾಣಲೆಯನ್ನು ಎತ್ತಿ ಹಿಡಿದ. ಹೌದು ಎಂದು ಜೋರಾಗಿ ತಲೆಯಾಡಿಸಿದ. ಅರ್ನೆಸ್ಟೀನ್ ಬಾಣಲೆಯನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು.

"ಅಮ್ಮಾ? ಇದೀರಾ?"

"ಅವನು ನಾಲ್ಕು ವರ್ಷದವನು ನನ್ನ ಹತ್ರ ಬಂದಾಗ," ಎಂದಳು. "ಒಂದು ತುತ್ತೂ ತಿಂತಿರಲಿಲ್ಲ. ಬೆರಳಲ್ಲಿ ತಿನ್ನಿಸಿದೀನಿ."

ಆಚೆಯ ಹುಡುಗಿಯ ದನಿ ತಗ್ಗಿತು. "ಅಮ್ಮಾ, ನಾನು ಇನ್ನೊಂದ್ಸಲ ಕೇಳ್ತೀನಿ. ನಿಧಾನಕ್ಕೆ ಯೋಚ್ನೆ ಮಾಡಿ ಹೇಳಿ. ಅವರು ಬೇರೆ ಮಾಡ್ಕೊಂಡು ತಿಂತಾರಾ?"

ಬಾಣಲೆ ಇನ್ನೂ ಗಾಳಿಯಲ್ಲೇ ಇತ್ತು.

"ಬರ್ಕೋ ತಾಯಿ," ಎಂದಳು ಅರ್ನೆಸ್ಟೀನ್. "ನನ್ನ ಮನೇಲಿ ಯಾರೂ ಬೇರೆ ಉಣ್ಣಲ್ಲ."

ಅಲ್ಲಿ ಕೀಲಿಗಳ ಸದ್ದಾಯಿತು. "ಸರಿ ಅಮ್ಮಾ. ಹಾಗಿದ್ರೆ ಅವರ ಸಂಬಳದ ಚೀಟಿ ಹತ್ತು ದಿನದೊಳಗೆ ಕಳಿಸಿ. ಅವರು ಆ ಮನೇಲಿರೋ ತನಕ ಅದೂ ಲೆಕ್ಕಕ್ಕೆ ಬರತ್ತೆ. ಏನಾದ್ರೂ ಬದಲಾದ್ರೆ ತಿಳಿಸಿ." ಫೋನು ಆರಿತು.

ಲಮಾರ್ ಬಾಣಲೆಯನ್ನು ಇಳಿಸಿದ. ಕಿವಿಯಲ್ಲಿ ಯಂತ್ರ ಓಡುತ್ತಿದ್ದಂತಿತ್ತು.

"ಒಳ್ಳೆ ಹುಡುಗಿ," ಎಂದಳು ಅರ್ನೆಸ್ಟೀನ್, ಕತ್ತಿನ ಗುಂಡಿ ಬಿಚ್ಚುತ್ತ. "ನಿಜ ಹೇಳಿದ್ದಕ್ಕೆ ಎಷ್ಟು ಮರ್ಯಾದೆಯಿಂದ ಮಾತಾಡಿದ್ಲು ನೋಡು. ಚಿಕ್ಕ ಮಕ್ಕಳಿಗೆ ಇಲ್ಲ ಅಂತಾರಾ? ಅನ್ನಲ್ಲ."

ಗುಂಡಿ ಅವಳ ಬೆರಳಿಗೆ ಸಿಗಲಿಲ್ಲ.

ಅವನಿಗೆ ಗೋಡೆ ಗುದ್ದಬೇಕೆನಿಸಿತು. ಗೋಡೆ ಬಾಡಿಗೆಯದು. ಒಳಗೆ ಹೋಗಿ ಎರಡು ಅಂಗಿ, ಒಂದು ಪ್ಯಾಂಟು, ಕಾರ್ಖಾನೆಯ ಬೂಟುಗಳನ್ನು ಚೀಲಕ್ಕೆ ತುಂಬಿದ. ಹೊರಬಂದಾಗ ಅರ್ನೆಸ್ಟೀನ್ ಕಾಳು ಬಡಿಸುತ್ತಿದ್ದಳು. ಝಾಯಾ ಚಮಚ ಹಿಡಿದು ಕಾಯುತ್ತಿದ್ದಳು. ಮೇಜಿನ ಮೇಲೆ ನಾಲ್ಕು ತಟ್ಟೆ. ಅವನದಕ್ಕೆ ಎಲ್ಲರಿಗಿಂತ ಒಂದು ಸೌಟು ಹೆಚ್ಚು ಬಿದ್ದಿತ್ತು.

ಬಾಣಲೆಯನ್ನೂ ಚೀಲಕ್ಕೆ ತುರುಕಿದ. ಹಿಡಿ ಹೊರಗೇ ಉಳಿಯಿತು.

"ಎಲ್ಲಿಗೋ? ಕೂತ್ಕೋ, ಆರೋಗತ್ತೆ."

ಜಾಲರಿ ಬಾಗಿಲು ಅವನ ಹಿಂದೆ ಎರಡು ಸಲ ಬಡಿದುಕೊಂಡು ನಿಂತಿತು. ಮೀನಿನ ಕೊಳಗಳ ನಡುವಿನ ಮಣ್ಣುದಾರಿ ನೆತ್ತಿಯ ಬಿಸಿಲಿಗೆ ಬೆಳ್ಳಗಾಗಿತ್ತು.

"ಲಮಾರ್! ತಟ್ಟೆ ಹಾಕಿದೀನಿ ಕಣೋ!"

ಅವನು ತಿರುಗಲಿಲ್ಲ. ಒಂದೊಂದು ಹೆಜ್ಜೆಗೂ ಬಾಣಲೆಯ ಹಿಡಿ ಬೆನ್ನಿಗೆ ತಾಗುತ್ತಿತ್ತು.