ಹದಿನೇಳನೇ ನಂಬರಿನ ಪಂಚು

ಚಂದ್ರಾಮನ ಬಲಗೈ ಮುರಿದವನು ನಾನೇ. ಗೇಟು ಬಡಿದು ಮುರಿಯಿತು, ಗಲಾಟೆಯಲ್ಲಿ ಮುರಿಯಿತು ಅಂತ ಶಹಾಬಾದದ ಜನ ಆರು ವರ್ಷ ಹೇಳಿಕೊಂಡು ಬಂದರು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ಇನ್ನು ಮುಚ್ಚಿಕೊಳ್ಳುವುದಿಲ್ಲ.

ನಮ್ಮ ಕಾರ್ಖಾನೆ ವಾಡಿ, ಸೇಡಂ ಕಡೆಯ ಸಿಮೆಂಟಿನವರಿಗೆ ಯಂತ್ರ ಮಾಡಿಕೊಡುತ್ತಿತ್ತು. 1991ರಲ್ಲಿ ನೌಕಾಪಡೆಯ ಹಡಗುಗಳಿಗೆ ಬಾಯ್ಲರ್ ಮಾಡುವ ಆರ್ಡರ್ ಬಂತು. ಸಮುದ್ರ ಕಾಣದ ಊರಿಗೆ ಹಡಗಿನ ಕೆಲಸ! ನಲವತ್ತು ವೆಲ್ಡರುಗಳನ್ನು ತಯಾರು ಮಾಡಲು ಮೂರು ವರ್ಷ ಹಿಡಿಯಿತು. ಹಾಕಿದ ಬೆಸುಗೆಯನ್ನೆಲ್ಲ ಎಕ್ಸ್‌ರೇ ತೆಗೆಯುತ್ತಿದ್ದರು. ಕೂದಲೆಳೆಯಷ್ಟು ಬಿರುಕು ಕಂಡರೂ ಫೇಲು. ಪಾಸಾದವನಿಗೆ ಒಂದು ನಂಬರು, ಆ ನಂಬರು ಕೆತ್ತಿದ ಉಕ್ಕಿನ ಪಂಚು. ಬೆಸುಗೆ ಮುಗಿಸಿ, ಪಕ್ಕದಲ್ಲಿ ಪಂಚು ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದನೆಂದರೆ ಆ ಕೆಲಸದ ಒಳ್ಳೆಯದು ಕೆಟ್ಟದ್ದು ಅವನ ತಲೆಯ ಮೇಲೆ. ಚಂದ್ರಾಮನದು ಹದಿನೇಳು. ಮಳಖೇಡದ ಕಾಗಿಣಾ ದಂಡೆಯವನು, ಅವನಪ್ಪ ಹರಗೋಲು ಹಾಕುತ್ತಿದ್ದ. ಹದಿನೇಳರ ಬೆಸುಗೆ ಒಂದೂ ಫೇಲಾಗಲಿಲ್ಲ. ನಾನು ವಿಠ್ಠಲ್, ಯೋಜನಾ ವಿಭಾಗದ ಅಧಿಕಾರಿ. ಬೆಸುಗೆ ಹಾಕಲು ಬಾರದಿದ್ದರೂ ಹೆಮ್ಮೆ ಮಾತ್ರ ಆ ನಲವತ್ತು ಜನಕ್ಕಿಂತ ನನಗೇ ಹೆಚ್ಚು.

1996ರಲ್ಲಿ ದಿಲ್ಲಿಯಿಂದ ಪ್ರಮಿತಾ ಬಂದಳು. ಚಿತ್ತಾಪುರದ ಮೇಷ್ಟ್ರ ಮಗಳು. ದೇಶದಲ್ಲಿ ಮುಂದಿನ ಮೂವತ್ತು ವರ್ಷ ಯುದ್ಧಹಡಗುಗಳನ್ನು ಎಲ್ಲಿ, ಯಾರಿಂದ ಕಟ್ಟಿಸಬೇಕು ಎಂದು ಯೋಜನೆ ಬರೆಯುವ ಕಚೇರಿಯಲ್ಲಿ ಕೆಲಸ. ಮನೆಗೆ ಊಟಕ್ಕೆ ಕರೆದೆ. ಎಲೆಯ ಮುಂದೆ ಕೂತೇ ಕೇಳಿದಳು:

"ಕಾಕಾ, ಈ ಆರ್ಡರ್ ಮುಗದ ಮ್ಯಾಲ ಮುಂದಿಂದು ಬರಲಿಕ್ಕ ಭಾಳ ವರ್ಷ ಆಗ್ತದ. ನಡುವ ವರ್ಷಕ್ಕೊಂದು ಸಣ್ಣ ಕೆಲಸ ಕೊಡಸ್ಲಿಕ್ಕ ಬರ್ತದ. ಕೊಡಲಿಲ್ಲಂದ್ರ ಈ ನಲವತ್ತು ಮಂದಿ ಉಳೀತಾರೇನ್ರಿ? ಖರೇ ಹೇಳ್ರಿ."

ಕಾರ್ಖಾನೆ ಆಗಲೇ ಕುಂಟುತ್ತಿತ್ತು. ನನಗೆ ಗೊತ್ತಿತ್ತು. ಆದರೆ ಎಲೆ ಹಾಕಿ ಕೂರಿಸಿದ ಅತಿಥಿಯ ಮುಂದೆ, ಅದೂ ನಮ್ಮ ಸೀಮೆಯದೇ ಹುಡುಗಿಯ ಮುಂದೆ, ಒಳಗೆ ಹಿಟ್ಟಿಲ್ಲ ಅಂತ ಯಾರಾದರೂ ಹೇಳುತ್ತಾರೆಯೇ?

"ನಮ್ಮ ಮಂದಿ ಎಲ್ಲೀನೂ ಹೋಗಂಗಿಲ್ಲವ್ವಾ. ನಲವತ್ತಕ್ಕ ನಲವತ್ತೂ ಇರ್ತಾರ. ಹೋಳಿಗಿ ಹಾಕ್ಕೋ."

ಅವಳು ಬರೆದುಕೊಂಡಳು: ಶಹಾಬಾದ, ನಡುವೆ ಕೆಲಸ ಕೊಡುವ ಅಗತ್ಯವಿಲ್ಲ. ಎದುರಿನಿಂದ ತಲೆಕೆಳಗಾಗಿ ಓದಿ ನಾನು ಹಿಗ್ಗಿದೆ. ಥೂ ನನ್ನ ಬಾಯಿಗೆ!

ಅದೇ ವರ್ಷ ಆರ್ಡರ್ ಮುಗಿಯಿತು. ಆಮೇಲೆ ಮೂರು ವರ್ಷ ಹಡಗಿನ ಕೆಲಸ ಬರಲಿಲ್ಲ. 1999ರ ಒಂದು ಬೆಳಿಗ್ಗೆ ನಲವತ್ತೂ ವೆಲ್ಡರುಗಳನ್ನು ಕೆಲಸದಿಂದ ತೆಗೆದು ಹೊರಗಿಟ್ಟು ಗೇಟು ಹಾಕಿದರು. ಪಂಚು ಕಾರ್ಖಾನೆಯ ಆಸ್ತಿ, ಒಂದೂ ಹೊರಹೋಗಬಾರದು ಎಂದ ಮ್ಯಾನೇಜರ್. ಅವರ ಪೆಟ್ಟಿಗೆ ಒಡೆದು ಪಂಚುಗಳನ್ನು ಡಬ್ಬಿಗೆ ತುಂಬಿದವನು ನಾನು.

ಶಹಾಬಾದದಲ್ಲಿ ಕಲ್ಲು ಹುಡುಕಬೇಕಿಲ್ಲ. ಕಾಲ ಕೆಳಗೇ ಪರಸಿ ಕಲ್ಲಿನ ಚೂರುಗಳು ಬಿದ್ದಿರುತ್ತವೆ, ಅಂಚು ಕುಡುಗೋಲಿನಂತೆ. ಮೊದಲ ಕಲ್ಲಿಗೆ ವಾಚಮನ್ ಮಡಿವಾಳಯ್ಯನ ಹಲ್ಲುಗಳು ಉದುರಿದವು. ಕಾವಲಿನವರು ವೆಲ್ಡರ್ ದಶರಥನ ತಲೆಯನ್ನು ಲಾಠಿಯಿಂದ ಒಡೆದರು. ಅವನು ಕುಸಿದು ಕೂತ ಮೇಲೂ ಹೊಡೆದರು. ಮ್ಯಾನೇಜರನ ಜೀಪು ಉರಿಯಿತು. ವೆಲ್ಡರ್ ಅಣವೀರ ಎಸೆದ ಪರಸಿ ನನ್ನ ಕಿವಿ ಹರಿಯಿತು, ರಕ್ತ ಬಿಸಿಯಾಗಿ ಕಾಲರಿನೊಳಗೆ ಇಳಿಯಿತು.

ಆ ಹೊಗೆಯಲ್ಲಿ ಚಂದ್ರಾಮ ಬಂದ. ಅರ್ಧ ಸರಿದಿದ್ದ ಗೇಟಿನ ಸಂದಿಯಲ್ಲಿ ಕೈ ಚಾಚಿದ. ಕೈಯಲ್ಲಿ ಕಲ್ಲಿರಲಿಲ್ಲ.

"ಸಾಹೇಬ್ರ, ಹೊಡ್ಯಾಕ ಬಂದಿಲ್ರಿ. ನನ್ನ ಹದಿನೇಳು ಕೊಡ್ರಿ, ಹೋಗ್ತೀನಿ."

ಡಬ್ಬಿ ನನ್ನ ಕಂಕುಳಲ್ಲೇ ಇತ್ತು. ನಾನು ಗೇಟಿಗೆ ಹೆಗಲು ಕೊಟ್ಟು ನೂಕಿದೆ.

"ಸಾಹೇಬ್ರ, ಅದು ನನ್ನ ಕೈ ಅದರಿ!"

ಕೇಳಿಸಿತು. ಕೇಳಿಸಿದ ಮೇಲೆ ಇನ್ನೊಮ್ಮೆ ನೂಕಿದೆ. ಮೊದಲನೆಯದು ಹೆದರಿಕೆಯಿಂದ, ಎರಡನೆಯದು ಬರೀ ಸಿಟ್ಟಿನಿಂದ. ಒಣ ತೊಗರಿ ಕಟ್ಟಿಗೆ ಮುರಿದ ಸದ್ದಾಯಿತು. ಅಷ್ಟರಲ್ಲಿ ಪೊಲೀಸರು ನುಗ್ಗಿದರು, ಓಡುವ ಕಾಲುಗಳು ಅವನ ಮೇಲೆ ಹಾದುಹೋದವು.

ಆ ಡಬ್ಬಿಯಿಂದ ಹದಿನೇಳನ್ನು ಮಾತ್ರ ತೆಗೆದು ಮನೆಗೆ ತಂದೆ. ಯಾಕೆಂದು ಈಗಲೂ ಗೊತ್ತಿಲ್ಲ.

2005ರಲ್ಲಿ ಪ್ರಮಿತಾ ಮತ್ತೆ ಬಂದಳು, ಆರ್ಡರ್ ಹಿಡಿದುಕೊಂಡೇ. ಕೈಯಲ್ಲಿ ನಲವತ್ತು ಹೆಸರಿನ ಪಟ್ಟಿ. ಮೂರು ದಿನ ಜೀಪಿನಲ್ಲಿ ಸುತ್ತಿದೆವು. ಫಕೀರಸಾಬ ಕಲ್ಲಿನ ಖಣಿಯಲ್ಲಿ ಸತ್ತಿದ್ದ. ಅಣವೀರ ಚಿಂಚೋಳಿಯಲ್ಲಿ ಕುಡಿದು ಬಿದ್ದಿದ್ದ. ದಶರಥನಿಗೆ ತಲೆ ಒಡೆದ ದಿನದಿಂದ ಮಾತಿಲ್ಲ. ಉಳಿದವರು ಊರು ಬಿಟ್ಟಿದ್ದರು. ಹೊಸಬರಿಗೆ ಕಲಿಸುವವನು ಒಬ್ಬನಾದರೂ ಸಿಗದಿದ್ದರೆ ಆರ್ಡರ್ ಬೇರೆ ಊರಿಗೆ ಹೋಗುತ್ತದೆ ಎಂದಳು. ಪಟ್ಟಿಯಲ್ಲಿ ಇನ್ನು ನೋಡದೆ ಉಳಿದದ್ದು ಚಂದ್ರಾಮನೊಬ್ಬ.

ಮಳಖೇಡದಲ್ಲಿ ಅವನು ಮನೆ ಮುಂದಿನ ತಗಡಿನ ಕೆಳಗೆ ಎಡಗೈಯಲ್ಲಿ ಕುಡುಗೋಲು ತಟ್ಟುತ್ತಿದ್ದ. ಬಲಗೈ ಬೆರಳುಗಳು ಒಳಕ್ಕೆ ಮಡಚಿಕೊಂಡಿದ್ದವು. ಅವನ ಹೆಂಡತಿ ರಾಧಿಕಾ ಪ್ರಮಿತಾಗೆ ನೀರು ಕೊಟ್ಟಳು, ನನಗೆ ಕೊಡಲಿಲ್ಲ.

"ಕಲಸ್ತೀನ್ರಿ," ಎಂದ ಚಂದ್ರಾಮ. "ಕೈ ಹೋಗ್ಯಾದ, ಕಣ್ಣು ಅದಾವ. ಆದ್ರ ಕೈ ಹ್ಯಾಂಗ ಹೋಯ್ತು ಅನ್ನೋದು ಸಾಹೇಬ್ರು ಹೇಳ್ಬೇಕು. ಹೇಳಿದ್ರ ಕಲಸ್ತೀನಿ."

"ನಾ ಮುರದೆ," ಎಂದೆ. "ಗೊತ್ತಿದ್ದೇ ಎರಡನೇ ಸಲ ನೂಕಿದೆ." ಜೇಬಿನಿಂದ ಪಂಚು ತೆಗೆದು ಕೊಟ್ಟೆ.

ಅವನು ಅದನ್ನು ಊದಿ, ಧೋತರಕ್ಕೆ ಒರೆಸಿ ನೋಡಿದ. "ಕೈ ಇಡ್ರಿ," ಎಂದ, ಕುಡುಗೋಲು ತಟ್ಟುವ ಅಡಿಗಲ್ಲು ತೋರಿಸಿ.

ಬಲಗೈ ಇಟ್ಟೆ. ಅವನು ತನ್ನ ಮಡಚಿದ ಬೆರಳುಗಳಲ್ಲಿ ಪಂಚು ಸಿಕ್ಕಿಸಿಕೊಂಡು ನನ್ನ ಅಂಗೈಯ ಹಿಂಬದಿಗೆ ಊರಿದ. "ಏನ್ ಮಾಡ್ಲಿಕತ್ತೀರಿ!" ಎಂದು ಪ್ರಮಿತಾ ಕೂಗುವಷ್ಟರಲ್ಲಿ ಎಡಗೈ ಸುತ್ತಿಗೆ ಬಿತ್ತು. ನಾನು ದನದಂತೆ ಕಿರುಚಿದೆ. ಪೆಟ್ಟು ಓರೆಯಾಗಿ ಹದಿನೇಳರ ಏಳು ಮೂಡಲಿಲ್ಲ. ಒಂದು ಮಾತ್ರ ಮೂಡಿ, ಅದರಲ್ಲಿ ರಕ್ತ ತುಂಬಿತು.

"ನನ್ನ ಕೆಲಸಕ್ಕ ನನ್ನ ನಂಬರ್ ಹೊಡದೀನಿ," ಎಂದ ಚಂದ್ರಾಮ. "ಹೋಗಿ ಎಕ್ಸ್‌ರೇ ತೆಗಸ್ರಿ. ಸೋಮವಾರದಿಂದ ಹುಡುಗ್ರನ್ನ ಕಳಸ್ರಿ."

ಎರಡು ಎಲುಬು ಮುರಿದಿದ್ದವು. ದವಾಖಾನೆಯ ಬೆಂಚಿನ ಮೇಲೆ ಪ್ರಮಿತಾ ಹಳೆಯ ಯೋಜನೆಯ ಕಡತ ಬಿಚ್ಚಿದಳು.

"ಅವತ್ತು ಕೇಳಿದ್ದೇ ಕೇಳ್ತೀನಿ, ಕಾಕಾ. ನಡುವ ಕೆಲಸ ಕೊಡಲಿಲ್ಲಂದ್ರ ಎಷ್ಟು ಮಂದಿ ಉಳೀತಾರ? ನೀವೇ ಬರೀರಿ."

ಎಡಗೈಯಲ್ಲಿ ಪೆನ್ನು ಹಿಡಿದೆ. ಯಾರೂ ಉಳಿಯುವುದಿಲ್ಲ, ಎಂದು ಬರೆದೆ. ಅಕ್ಷರ ಸೊಟ್ಟಗಿದ್ದವು, ಆದರೆ ಓದಲು ಬರುತ್ತಿತ್ತು.