ಜೂನ್ ಒಂದಕ್ಕೆ ಹುಟ್ಟಿದವರು

ಇದು ಖರೇ ನಡೆದದ್ದು. ನಾನು ಹಿಂಜಿ ಉಬ್ಬಿಸಿ ಹೇಳುವವನಲ್ಲ. ಹಿಂಜುವುದು ಹಬೀಬನ ಕಸುಬು. ಔರಾದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹಳೇ ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿ ಹಿಂಜಿ, ತಿರುಗಿ ತುಂಬಿ ಹೊಲಿದುಕೊಡುತ್ತಾನೆ. ಇಪ್ಪತ್ತು ವರ್ಷದ ಹತ್ತಿ ಧೂಳು ಎದೆಯಲ್ಲಿ ಕೂತಿದೆ. ಮಾತಿಗೊಂದು ಕೆಮ್ಮು. ದಬ್ಬಣ ಚುಚ್ಚಿ ಚುಚ್ಚಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿವೆ. ರೇಶನ್ ಅಂಗಡಿಯ ಯಂತ್ರದ ಮೇಲೆ ಆ ಬೆರಳಿಟ್ಟರೆ ಯಂತ್ರಕ್ಕೆ ಗುರುತೇ ಸಿಗುವುದಿಲ್ಲ.

ಅವನ ಮಗಳು ನಾಹೀದ ಅದೇ ಓಣಿಯ ಸರಕಾರಿ ಸಾಲಿಯಲ್ಲಿ ಐದನೇ ಇಯತ್ತೆ. ಅವನ ಅಕ್ಕ ಖುರ್ಷಿದ ಬೇಗಂ ಅಲ್ಲಿ ಬಿಸಿಯೂಟದ ಅಡಿಗೆಯಾಕೆ. ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯ ಈ ಅನೀಲಕುಮಾರ, ಅಂದರೆ ನಾನು, ಅಲ್ಲಿ ಅತಿಥಿ ಶಿಕ್ಷಕ. ಹೆಸರಿಗೆ ಅತಿಥಿ, ಬಾ ಅನ್ನುತ್ತಾರೆ, ಕೂಡು ಅನ್ನುವುದಿಲ್ಲ. ಖಾಯಂ ಮಾಸ್ತರರು ವರ್ಗವಾಗಿ ಹೋಗಿ ಎರಡು ವರ್ಷ. ಎರಡು ಖೋಲಿ, ಇಪ್ಪತ್ಮೂರು ಮಕ್ಕಳು, ನಾನೊಬ್ಬ.

ನನಗೊಂದು ಚಟ. ಯಾರ ದನಿ ಬೇಕಾದರೂ ತೆಗೆಯುತ್ತೇನೆ. ಸಾಲಿ ತಪಾಸಣೆಗೆ ಬರುವ ಸಾಹೇಬರ ಮೂಗಿನ ದನಿ ತೆಗೆದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಆ ವರ್ಷ ಹೊಸ ಹುಕುಂ ಬಂತು. ಪ್ರತಿ ಮಗುವಿಗೂ ಕಂಪ್ಯೂಟರಿನಲ್ಲಿ ಒಂದು ನಂಬರು. ಸಾಲಿ ರಿಜಿಸ್ಟರು, ಆಧಾರು, ಜನನ ಪತ್ರ ಮೂರೂ ತಾಳೆಯಾಗಬೇಕು. ನಮ್ಮ ಕಡೆ ಇದೇ ತೊಡಕು. ಹಡೆದವರಿಗೆ ತಾರೀಖು ನೆನಪಿರುವುದಿಲ್ಲ. "ಜ್ವಾಳಾ ಕೊಯ್ಯೂ ಮುಂದ ಹುಟ್ಟಿತ್ರಿ," "ಮೊಹರಮ್ ಆದ ಮರದಿನಾರಿ" ಅನ್ನುತ್ತಾರೆ. ಹಳೇ ಮಾಸ್ತರರು ತಲೆ ಎತ್ತದೆ ಜೂನ್ ಒಂದು ಅಂತ ಬರೆದುಬಿಡುತ್ತಿದ್ದರು. ಸಾಲಿ ಸುರುವಾಗುವ ದಿನ, ವಯಸ್ಸಿನ ಲೆಕ್ಕ ಸಲೀಸು. ಹೀಗಾಗಿ ಹಬೀಬ ಹುಟ್ಟಿದ್ದು ಜೂನ್ ಒಂದು, ಹೆಂಡತಿ ತಹಮೀನಾ ಜೂನ್ ಒಂದು, ನಾಹೀದಳೂ ಜೂನ್ ಒಂದು.

ಅದೇ ದಿನಗಳಲ್ಲಿ ಟೀವಿಯಲ್ಲಿ ಸಂಜೆಯಾದರೆ ಒಂದೇ ಮಾತು. ಹೊರದೇಶದಿಂದ ನುಸುಳಿ ಬಂದವರನ್ನು ಹುಡುಕಿ ಅಟ್ಟುತ್ತಾರಂತೆ, ಅಪ್ಪ ಅಜ್ಜನ ಕಾಗದ ಕೇಳುತ್ತಾರಂತೆ. ಓಣಿಯ ಮಂದಿ ಊಟ ಬಿಟ್ಟು ಟ್ರಂಕು ತಡಕಾಡತೊಡಗಿದರು.

ನನಗೆ ಚೇಷ್ಟೆ ಸುಳಿಯಿತು. ಒಂದು ಮಧ್ಯಾಹ್ನ ಚಹಾದ ಅಂಗಡಿಯಲ್ಲಿ ಗೆಳೆಯ ರಾಹೀಲನ ಫೋನು ಇಸಿದುಕೊಂಡು, ಮೂಗಿಗೆ ದನಿ ಏರಿಸಿದೆ.

"ಹಲೋ, ಯಾರು, ಹಬೀಬ ಏನು?"

"ಹೌದ್ರಿ. ಸಲಾಂ ಸಾಹೇಬ್ರ."

"ನಿಮ್ಮ ಮನಿ ಮಂದಿ ಎಲ್ಲಾರೂ ಜೂನ್ ಒಂದಕ್ಕ ಹುಟ್ಟೀರಲ್ಲ, ಹ್ಯಾಂಗದು? ಎಲ್ಲಾರೂ ಒಂದೇ ದಿವಸ ಗಡಿ ದಾಟಿ ಬಂದೀರೇನು?"

ಆ ಕಡೆ ಕೆಮ್ಮು ಗಪ್ಪನೆ ನಿಂತಿತು.

"ಇಲ್ರೀ ಸಾಹೇಬ್ರ. ನಮ್ಮ ಅಬ್ಬಾ ಇಲ್ಲೇರಿ, ದಾದಾನೂ ಇಲ್ಲೇರಿ. ಕಬರಸ್ತಾನದಾಗ ಅದಾರ್ರಿ, ತೋರಿಸ್ತೇನಿ ಬರ್ರಿ."

"ಕಬರಸ್ತಾನ ಕಂಪ್ಯೂಟರದಾಗ ಬರಂಗಿಲ್ಲ. ಎಲ್ಲಾ ಕಾಗದ ತಯಾರ ಇಟ್ಗೋ."

ಫೋನಿಟ್ಟು ನಾನೂ ರಾಹೀಲನೂ ಚಹಾ ಚೆಲ್ಲುವಷ್ಟು ನಕ್ಕೆವು. ಸಂಜೆ ಹೋಗಿ ಹೇಳಿದರಾಯಿತು ಅಂದುಕೊಂಡೆ. ಸಂಜೆಗೆ ಊರಿಂದ ಅವ್ವನಿಗೆ ಜ್ವರ ಅಂತ ಸುದ್ದಿ ಬಂತು. ಬಸ್ ಹತ್ತಿದೆ. ನಾಲ್ಕು ದಿನ ಬರಲಾಗಲಿಲ್ಲ. ಫೋನು ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ಮರೆತೆ ಅಂದರೆ ಸುಳ್ಳಾಗುತ್ತದೆ. ಅದು ಅಷ್ಟು ದೊಡ್ಡದು ಅನ್ನಿಸಿರಲಿಲ್ಲ.

ತಿರುಗಿ ಬಂದಾಗ ಸಾಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಹಬೀಬ ಅಂದೇ ನಾಹೀದಳನ್ನು ಬೀದರಿನ ಮೈಲೂರಿಗೆ, ಅಜ್ಜಿ ಮನೆಗೆ ಅಟ್ಟಿದ್ದ. ಓಣಿಗೆಲ್ಲ ಸುದ್ದಿ ಮುಟ್ಟಿಸಿದ್ದ. "ಸಾಲಿ ರಿಜಿಸ್ಟರ ನೋಡಿ ಫೋನ್ ಮಾಡ್ಲಿಕತ್ತಾರ. ಹುಡುಗರ ಹೆಸರು ತೆಗಸ್ರಿ." ಹದಿನಾಲ್ಕು ಮಕ್ಕಳು ಬೀದರಿಗೆ, ಕಮಲನಗರಕ್ಕೆ, ಬೀಗರ ಮನೆಗಳಿಗೆ ಚದುರಿದ್ದವು. ಹಿಂದಿನ ದಿನವೇ ಖರೇಖರೆ ಸಾಹೇಬರೇ ಬಂದು, ಓಣಿಯವರು ಕೊಟ್ಟ ಅರ್ಜಿಯಂತೆ ಅವರ ಹೆಸರು ತೆಗೆದು, ಉಳಿದ ತಲೆ ಎಣಿಸಿ ಹೋಗಿದ್ದರು. ಒಂಬತ್ತು.

ಫೋನು ಮಾಡಿದವನು ನಾನೇ ಅಂತ ಆಗಲೇ ಹೇಳಬೇಕಿತ್ತು. ಎಲ್ಲರ ದನಿ ತೆಗೆಯುವವನಿಗೆ ತನ್ನ ದನಿಯೇ ಹೊರಡಲಿಲ್ಲ.

ಹದಿನೈದು ದಿನಕ್ಕೆ ಆದೇಶ ಬಂತು. ಮಕ್ಕಳು ಕಡಿಮೆ, ಆದ್ದರಿಂದ ಹೈವೇ ಆಚೆಯ ಸಾಲಿಯಲ್ಲಿ ವಿಲೀನ. ಐದು ಕಿಲೋಮೀಟರು. ಒಂದೊಂದಾಗಿ ಮಕ್ಕಳು ಓಣಿಗೆ ಮರಳಿದವು, ಆದರೆ ಸಾಲಿ ಅವರದಾಗಿ ಉಳಿದಿರಲಿಲ್ಲ. ಹಬೀಬನ ಮನೆಗೆ ಹೋದೆ. ನಾಹೀದ ಗಾದಿಯ ಅಂಚಿಗೆ ದಬ್ಬಣ ಏರಿಸುತ್ತ ಕೂತಿದ್ದಳು. ಹೆಬ್ಬೆರಳಿಗೆ ಅರಿವೆಯ ಚೂರು ಸುತ್ತಿತ್ತು.

"ಹೈವೇ ದಾಟಿ ಹೆಣ್ಣು ಹುಡುಗೀನ ಹ್ಯಾಂಗ ಕಳಸೋದ್ರಿ ಮಾಸ್ತರ್ರ?" ಅಂದಳು ತಹಮೀನಾ. "ಇನ್ನ ಸಾಲಿ ಸಾಕು. ಕೆಲಸಾನರ ಕಲೀಲಿ."

ನಾಹೀದ ತಲೆ ಎತ್ತಿದಳು. "ಸರ್, ಭಾಗಾಕಾರ ಅರ್ಧಾ ಉಳದದರಿ."

ಸಾಲಿಯ ಸಾಮಾನು ಒಯ್ಯಲು ಸಾಹೇಬರು ಟೆಂಪೋ ತಂದ ದಿನ ಇಡೀ ಓಣಿ ಸೇರಿತು. ಬೆಂಚು ಏರಿದವು. ಅಡಿಗೆಯ ಭಾಂಡೆ ಏರಿದವು. ಹಳೇ ರಿಜಿಸ್ಟರುಗಳ ಕಬ್ಬಿಣದ ಟ್ರಂಕು ಎತ್ತಲು ಹೋದರೆ ಅದರ ಮೇಲೆ ಖುರ್ಷಿದ ಬೇಗಂ ಕೂತುಬಿಟ್ಟಿದ್ದಳು.

"ಏಳಬೇ. ಸರಕಾರಿ ದಾಖಲೆ ಅದು," ಅಂದರು ಸಾಹೇಬರು.

"ನಮ್ದೂ ದಾಖಲೆ ಅದೇರಿ. ಅಪ್ಪ ಅಜ್ಜನ ಕಾಗದ ತರ್ರಿ ಅಂತೀರಿ. ನಮ್ಮ ಅಬ್ಬಾನ ಹೆಸರು ಇದರಾಗ ಬಿಟ್ರ ಮತ್ತೆಲ್ಲೂ ಇಲ್ಲ. ಇದನ್ನೂ ಒಯ್ದ್ರ ನಾವು ಎಲ್ಲಿಯವರು?"

ಆಗ ನಾನು ಮುಂದೆ ಬಂದೆ.

"ಹಬೀಬ ಭಾಯಿ, ಆ ಫೋನ್ ಮಾಡಿದಾಂವ ನಾನು." ಯಾರೂ ನಂಬಲಿಲ್ಲ. ಸಾಹೇಬರ ಎದುರಿಗೇ ಸಾಹೇಬರ ದನಿ ತೆಗೆದು, ಅಂದದ್ದನ್ನೆಲ್ಲ ತಿರುಗಿ ಅಂದೆ.

ಹಬೀಬ ನನ್ನನ್ನೇ ನೋಡಿದ. "ಸಾಹೇಬ್ರು ಅಂತ ತಿಳದು ಎದ್ದು ನಿಂತು ಮಾತಾಡಿದ್ದೆ, ಮಾಸ್ತರ್ರ. ಮೂರು ದಿನ ರೊಟ್ಟಿ ಇಳೀಲಿಲ್ಲ." ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

"ಚೇಷ್ಟಿ ಅಂತ ಗೊತ್ತಾತಲ್ರಿ ಸಾಹೇಬ್ರ," ಅಂದಳು ಖುರ್ಷಿದ ಬೇಗಂ. "ಹುಡುಗರು ಎಲ್ಲಾ ಬಂದಾವ. ಈಗ ಎಣಸ್ರಿ. ಇಪ್ಪತ್ಮೂರು."

"ಹೆಸರು ತಗಸೀರಿ. ತಿರಗಿ ಸೇರಸಬೇಕಂದ್ರ ಜನನ ಪತ್ರ ಬೇಕು. ಎಲ್ಲಾರದೂ ಜೂನ್ ಒಂದು ಅಂದ್ರ ಯಾರು ನಂಬ್ತಾರ? ಎಲ್ಲಿಂದ ಬಂದೀರೋ ಏನೋ, ಯಾರಿಗೆ ಗೊತ್ತು!"

ಚಹಾದ ಅಂಗಡಿಯಲ್ಲಿ ಆ ಮಾತು ನಾನೇ ಹುಟ್ಟಿಸಿದೆ ಅಂದುಕೊಂಡಿದ್ದೆ.

ಸಾಹೇಬರು ಬೆವರು ಒರೆಸಿಕೊಂಡರು. "ನೋಡ್ರಪಾ, ಬರೋ ಮೇ ಮೂವತ್ತೊಂದಕ್ಕ ನನ್ನ ರಿಟೈರ್ಮೆಂಟ್ ಅದ. ಇಷ್ಟು ದಿವಸ ಒಂದು ಕಪ್ಪು ಚುಕ್ಕಿ ಇಲ್ಲ. ಈ ಲಫಡಾ ನನ್ನ ಕೊರಳಿಗೆ ಹಾಕಬ್ಯಾಡ್ರಿ."

ಹಬೀಬ ಮೆಲ್ಲಗೆ ಕೇಳಿದ. "ಮೇ ಮೂವತ್ತೊಂದಕ್ಕ ರಿಟೈರ್ ಅಂದ್ರ, ಸಾಹೇಬ್ರ, ನೀವು ಹುಟ್ಟಿದ್ದು ಯಾವತ್ತರಿ?"

ಸಾಹೇಬರು ಟೆಂಪೋ ಕಡೆ ತಿರುಗಿದರು.

"ಹೇಳ್ರಿ ಸಾಹೇಬ್ರ. ಒಂದನೇ ತಾರೀಖಿಗೆ ಹುಟ್ಟಿದ ನೌಕರರಿಗೆ ಹಿಂದಿನ ದಿವಸಾನ ರಿಟೈರ್ ಮಾಡ್ತಾರಂತಲ್ರಿ. ಮರದಿನಾ ಏನು? ಜೂನ್ ಒಂದೇನ್ರಿ?"

"ಅದು… ನಮ್ಮೂರ ಮಾಸ್ತರ ಬರದದ್ದು," ಅಂದರು ಸಾಹೇಬರು. ಅಂದ ಮೇಲೆ ಬಾಯಿ ಮುಚ್ಚಿಕೊಂಡರು.

ಮೊದಲು ಟೆಂಪೋ ಡ್ರೈವರ್ ಕಿಸಕ್ಕನೆ ನಕ್ಕ. ಆಮೇಲೆ ಹೆಂಗಸರು. ಸಾಹೇಬರು ಕೆಂಪಗಾಗಿ ಬಾಗಿಲಿಗೆ ಕೀಲಿ ಜಡಿದರು, ಮೊಹರು ಹಚ್ಚಿದರು. ಆದೇಶದ ಒಂದು ಅಕ್ಷರವೂ ಬದಲಾಗಲಿಲ್ಲ. ಆದರೆ ಖುರ್ಷಿದ ಬೇಗಂ ಟ್ರಂಕಿನಿಂದ ಏಳಲಿಲ್ಲ. ಅವಳ ಎಡಕ್ಕೆ ತಹಮೀನಾ ಬಂದು ಕೂತಳು, ಬಲಕ್ಕೆ ಇನ್ನೊಬ್ಬಳು, ಆಮೇಲೆ ಎಣಿಸಲು ಆಗದಷ್ಟು ಮಂದಿ. ಟೆಂಪೋ ಟ್ರಂಕು ಬಿಟ್ಟೇ ಹೊರಟಿತು. ನಾನು ನೆಲ ನೋಡುತ್ತ ನಿಂತಿದ್ದೆ.

"ಸಾಹೇಬ್ರ!" ಟೆಂಪೋ ಹಿಂದೆ ಹಬೀಬ ಕೂಗಿದ. "ನೀವೂ ನಮ್ಮ ಸಂಗಟೇ ಗಡಿ ದಾಟಿ ಬಂದೀರಿ ಬಿಡ್ರಿ!"

ಕೂಗಿ ನಕ್ಕ. ಕೆಮ್ಮುತ್ತ ನಕ್ಕ. ಕಣ್ಣಲ್ಲಿ ನೀರು ಬಂದರೂ ಬಿಡದೆ, ಕೀಲಿ ಬಿದ್ದ ಬಾಗಿಲಿಗೆ ಬೆನ್ನು ಕೊಟ್ಟು, ಓಣಿಯವರೆಲ್ಲರಿಗಿಂತ ಜೋರಾಗಿ ನಕ್ಕ.