ಕೊನೆಯವಳ ಮುಂದಿನ ಗುಡ್ಡೆ

“ಅಲ್ಲಬೇ ಮಾದೇವಿ, ಎಲ್ಲಾರ ಮುಂದ ನೆಲ ಕಾಣಾಕತ್ತೇತಿ, ನಿನ್ನ ಮುಂದಷ್ಟ ಗುಡ್ಡಿ! ಕೈಗೆ ಮದರಂಗಿ ಹಚ್ಚಿಕೊಂಡೀಯೇನ?”

ಸರೋಜವ್ವ ಹಂಗಿಸಿದಳು. ದುಂಡಸಿ ಊರಿನ ಅವಳ ಮನೆಯ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಸುಲಿಯುತ್ತ ಗೋಡೆಗುಂಟ ಸಾಲಾಗಿ ಕೂತಿದ್ದ ಐದು ಮಂದಿಯಲ್ಲಿ ಉಳಿದವರು ನಕ್ಕರು. ಕೊನೆಯವಳು ಮಾದೇವಿ, ಬಾಗಿಲ ಪಕ್ಕ.

ಸರೋಜವ್ವನ ಮೊಮ್ಮಗಳು ಅಂಕಿತಾ ನಗಲಿಲ್ಲ. ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಅವಳೂ ಒಂದು ಗುಡ್ಡೆಯನ್ನೇ ನೋಡುತ್ತಿದ್ದಳು. ಅವಳ ಎಂ.ಎಸ್ಸಿ. ಪ್ರಾಜೆಕ್ಟ್ ಬೋಸಾನುಗಳದು, ಒಂದೇ ಜಾಗದಲ್ಲಿ ಎಷ್ಟಾದರೂ ಒತ್ತಿ ಕೂರಬಲ್ಲ ಕಣಗಳು. ಲೆಕ್ಕದಲ್ಲಿ ಅವು ಕೂರುವ ನಲವತ್ತು ಮನೆಗಳ ಸಾಲು. ಬಲಕ್ಕೆ ಜಿಗಿಯುವುದು ಸಲೀಸು, ಎಡಕ್ಕೆ ಕಷ್ಟ. ಇಂಥ ಸಮವಲ್ಲದ ಜಿಗಿತಕ್ಕೆ ಪುಸ್ತಕದಲ್ಲಿ ನಾನ್-ಹರ್ಮಿಷಿಯನ್ ಎಂಬ ಹೆಸರು. ಎಲ್ಲಿಂದ ಬಿಟ್ಟರೂ ಕಣಗಳೆಲ್ಲ ನಲವತ್ತನೆಯ ಮನೆಯಲ್ಲೇ ಹೋಗಿ ಗುಡ್ಡೆಯಾಗುತ್ತಿದ್ದವು. ಅದನ್ನು ಕತ್ತರಿಸಿದರೆ ಮೂವತ್ತೊಂಬತ್ತನೆಯದರಲ್ಲಿ ಗುಡ್ಡೆ. ಲೆಕ್ಕದಲ್ಲೇ ಎಲ್ಲೋ ತಪ್ಪಿದೆ ಎಂದುಕೊಂಡಿದ್ದಳು. ನಾಳೆ ಕಾಲೇಜಿಗೆ ಕಳಿಸಬೇಕು, ತಪ್ಪು ಸಿಗದಿದ್ದರೆ ಎಲ್ಲ ಅಳಿಸಿ ಮೊದಲಿಂದ ಶುರು.

“ಗಟ್ಟಿ ಕಾಯಿ ಸಿಕ್ಕರ ಎಲ್ಲಾರೂ ಬಲಕ್ಕ ಒಗೀತೀರಿ,” ಮಾದೇವಿ ಸಿಡುಕಿದಳು. “ನಾ ಯಾರಿಗೆ ಒಗೀಲಿ, ಬಾಗಲಕ್ಕ?”

ಅದೊಂದು ಚಾಳಿ ಅವರಿಗೆ. ಒಡೆಯದ ಕಾಯಿ ಬಲಗಡೆಯವಳ ಮಡಿಲಿಗೆ. ಸಿಟ್ಟಿಗೆದ್ದವಳು ಒಂದೆರಡು ಎಡಕ್ಕೂ ತಿರುಗಿ ಎಸೆದಾಳು, ಅಷ್ಟೇ.

ಅಂಕಿತಾ ತಲೆ ಎತ್ತಿದಳು. “ಹಾಜರಾಬಿ ಚಾಚಿ, ಮಾದೇವಕ್ಕನ ಜಾಗಾದಾಗ ನೀವು ಕುಂದರ್ರಿ.”

ಹಾಜರಾಬಿಯಷ್ಟು ಚುರುಕು ಕೈ ಊರಲ್ಲೇ ಇಲ್ಲ. ಚಹಾ ಕುದಿಯುವಷ್ಟರಲ್ಲಿ ಗುಡ್ಡೆ ಅವಳ ಮುಂದಿತ್ತು.

“ಯಾ ಅಲ್ಲಾ! ನನ್ನ ಕೈಗೇನಾತವಾ?”

“ಈಗ ಎಲ್ಲಾರೂ ಗುಂಡಗ ಕುಂದರ್ರಿ. ತುದೀನ ಇರಬಾರದು.”

“ಸಾಲಿ ಹುಡುಗರ ಆಟ ಆಡಸಾಕತ್ತಾಳ ನೋಡ್ರಿ,” ಎಂದು ಗೊಣಗುತ್ತಲೇ ಸರೋಜವ್ವ ಸರಿದು ಕೂತಳು. ಒಂದು ಕಾಯಿ ಕಚ್ಚಿ ನೋಡಿ, ಹಲ್ಲು ಜುಮ್ಮೆಂದಿತೋ ಏನೋ, ಬಲಕ್ಕೆ ಒಗೆದಳು.

ಅಂಕಿತಾ ನಲವತ್ತನೆಯ ಮನೆಯನ್ನು ಒಂದನೆಯದಕ್ಕೆ ಜೋಡಿಸಿದಳು. ಗುಡ್ಡೆ ಕರಗಿ ಎಲ್ಲ ಮನೆಗಳಲ್ಲೂ ಸಮವಾಗಿ ಹರಡಿತು. ಸ್ವಲ್ಪ ಹೊತ್ತಿನಲ್ಲಿ ಪಡಸಾಲೆಯಲ್ಲೂ ಯಾರ ಮುಂದೂ ಗುಡ್ಡೆ ಇರಲಿಲ್ಲ.

“ಎಲ್ಲಾ ನೀ ಸುಲದೀಯೇನ ಹಾಜರಾಬಿ?” ಸರೋಜವ್ವ ಕೇಳಿದಳು.

“ನಾ ಒಂದೂ ಗಟ್ಟೀದು ಸುಲದಿಲ್ಲ.”

“ನಾನೂ ಇಲ್ಲಬೇ,” ಎಂದಳು ಮಾದೇವಿ. “ಹಂಗಾರ ಎಲ್ಲಿ ಹೋದವು?”

ಎಲ್ಲರೂ ಅಂಕಿತಾಳ ಮುಖ ನೋಡಿದರು. ತಪ್ಪು ಕೊನೆಯ ಮನೆಯದಲ್ಲ, ಅಷ್ಟು ತಿಳಿದಿತ್ತು. ಆದರೆ ತುದಿಯಲ್ಲಿ ಒಂದು ಗಂಟು ಹಾಕಿದ್ದು ನಡುವಿನ ಮನೆಗೆ ಹೇಗೆ ಗೊತ್ತಾಯಿತು? ತಲೆಯಲ್ಲಿ ಗೊಂದಲ ಮೊದಲಿಗಿಂತ ಹೆಚ್ಚಾಗಿತ್ತು.

“ನಿಮ್ಮ ಪುಸ್ತಕದಾಗ ಏನಂತಾರವಾ ಇದಕ್ಕ?” ಸರೋಜವ್ವ ಕೇಳಿದಳು.

“ಗೊತ್ತಿಲ್ಲ ಆಯಿ. ತಪ್ಪು ಅಂತ ಅಳಸಾಕ ಹೊಂಟಿದ್ನಿ. ಅಳಸೂದಿಲ್ಲ. ಗುಡ್ಡಿ ಇದ್ದದ್ದು, ಹರಡಿದ್ದು, ಎರಡೂ ಚಿತ್ರ ಹಿಂಗ ಕಳಸ್ತೇನಿ.”

ಅಷ್ಟರಲ್ಲಿ ಎಡಗಡೆಯಿಂದ ಒಂದು ಕಾಯಿ ಹಾರಿಬಂದು ಸರೋಜವ್ವನ ಮಡಿಲಿಗೆ ಬಿತ್ತು. ಅದರ ಮೇಲೆ ಅವಳದೇ ಹಲ್ಲಿನ ಗುರುತಿತ್ತು.